ಎಳೆಯಬಾರದ ಗಾಡಿ

ಗಿರಾಕಿಯ ಮುಖ ನೋಡಿ ಬೆಲೆ ಹೇಳುವವನು ಎಳಸು ವ್ಯಾಪಾರಿ. ಜಿಯಾವುಲ್ಲಾ ಮೊದಲು ನೋಡುವುದು ಚಪ್ಪಲಿ, ಆಮೇಲೆ ಚೀಲ. ಚಪ್ಪಲಿಗೆ ಕೆಮ್ಮಣ್ಣು ಮೆತ್ತಿದ್ದರೆ ಟ್ರಾಕ್ಟರ್ ಹೊಲದ ನಡುವೆ ಕೆಟ್ಟು ನಿಂತಿದೆ, ಮಾಲು ಈಗಲೇ ಬೇಕು, ಚೌಕಾಸಿಗೆ ಪುರುಸೊತ್ತಿಲ್ಲ ಎಂದು ಅರ್ಥ. ಸಿಮೆಂಟಿನ ಧೂಳಿದ್ದರೆ ಗಾಡಿ ಕಟ್ಟಡದ ಕೆಲಸಕ್ಕೆ ಓಡುತ್ತಿದೆ, ಕಾಸು ಯಾರೋ ಕಂಟ್ರಾಕ್ಟರನದು, ಬಿಲ್ಲು ಸ್ವಲ್ಪ ದಪ್ಪಗಿರಲಿ ಎಂದು ಬಂದವನೇ ಕಣ್ಣು ಮಿಟುಕಿಸುತ್ತಾನೆ. ಶಿವಾಜಿನಗರದ ಆ ಸಂದಿಯಲ್ಲಿ ಟ್ರಾಕ್ಟರಿನ ಬಿಡಿಭಾಗ ಮಾರುತ್ತಾ ತಲೆ ನರೆಸಿಕೊಂಡ ಜಿಯಾವುಲ್ಲಾನಿಗೆ ಈ ಲೆಕ್ಕ ತಪ್ಪಿದ್ದು ಅಪರೂಪ.

ಪಟಾಲಮ್ಮನ ವಿಷಯದಲ್ಲಿ ತಪ್ಪಿತು.

ಆಕೆ ಮೊದಲ ಸಲ ಬಂದಾಗ ಕಾಲಲ್ಲಿ ನೆನೆದ ಹವಾಯಿ ಚಪ್ಪಲಿ. ಮಣ್ಣೂ ಇಲ್ಲ, ಸಿಮೆಂಟೂ ಇಲ್ಲ. ಮುಂಗೈ ಮೇಲೆ ಹಳೆಯ, ಹೊಸ ಸುಟ್ಟ ಕಲೆಗಳು. ವಯಸ್ಸು ಐವತ್ತರ ಆಚೆ ಈಚೆ. ಚೀಲದೊಳಗೆ ಟವೆಲಿನಲ್ಲಿ ಸುತ್ತಿದ ಕ್ಲಚ್ ಪ್ಲೇಟು. ಬಾಣಂತಿ ಕೂಸನ್ನು ಬಿಚ್ಚುವ ಹಾಗೆ ಅದನ್ನು ಗಲ್ಲಾದ ಮುಂದೆ ಬಿಚ್ಚಿಟ್ಟಳು. ಜಿಯಾವುಲ್ಲಾ ಮನಸ್ಸಿನಲ್ಲೇ ಷರಾ ಬರೆದ: ಗಂಡನ ಗಾಡಿ, ಗಂಡ ಕುಡುಕ, ಬೈದು ಕಳಿಸಿದ್ದಾನೆ, ಎಷ್ಟು ಹೇಳಿದರೂ ಕೊಟ್ಟು ಹೋಗುತ್ತಾಳೆ. ನಾಲ್ಕೂ ಸುಳ್ಳು.

"ಈ ಮಾಡೆಲ್ಲು ಕಂಪನಿಯವರೇ ಮರ್ತುಬಿಟ್ಟಿದಾರಮ್ಮ" ಎಂದ ಜಿಯಾವುಲ್ಲಾ, ಬೆಲೆ ಏರಿಸುವ ಮುನ್ನ ಎಲ್ಲರಿಗೂ ಹೇಳುವ ಮಾತು.

"ಕಂಪನಿಯೋರು ಮರೀಲಿ ಸಾಬ್ರೆ. ನಿಮ್ಮ ಮುಖ ನೋಡಿದ್ರೆ ನೀವು ಮರ್ತಂಗಿಲ್ಲ. ತೆಗೀರಿ ಒಳಗಿಂದ."

ತೆಗೆದ. ಆಕೆ ಹೊಸ ಪ್ಲೇಟನ್ನು ಹಳೆಯದರ ಮೇಲಿಟ್ಟು, ತಿರುಗಿಸಿ, ಬೆಳಕಿಗೆ ಹಿಡಿದಳು.

"ಡೂಪ್ಲಿಕೇಟಾ ಇದು?"

"ಅಮ್ಮಾ, ಆ ಮಾತು ಈ ಗಲ್ಲೀಲಿ ಆಡ್ಬೇಡಿ. ಲೋಕಲ್ ಅನ್ನಿ. ಪಂಜಾಬಿಂದ ಬರತ್ತೆ."

"ಪಂಜಾಬಿಂದ ಬಂದ್ರೆ ಲೋಕಲ್ ಹೆಂಗಾಯ್ತು?"

ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದ ಮಗಳು ಬುಷ್ರಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ಜಿಯಾವುಲ್ಲಾ ಬೆಲೆ ಇಳಿಸಬೇಕಾಯಿತು. ಆಕೆ ಎದ್ದು ಮೆಟ್ಟಿಲು ಇಳಿದಳು, ಕರೆದ, ಬಂದಳು. ಮತ್ತೆ ಇಳಿದಳು. ಮೂರನೆಯ ಸಲ ಅವನೇ ಕೈ ಮುಗಿದ.

ಮಾಲು ಕಟ್ಟುವ ಮೊದಲು ಅದರ ಅಂಚಿಗೆ ಗಿಳಿಹಸಿರು ಪೇಂಟಿನ ಒಂದು ಬೊಟ್ಟಿಟ್ಟ. ಅದು ಆ ಗಲ್ಲಿಯ ಕ್ರಮ. ಒಬ್ಬೊಬ್ಬ ಅಂಗಡಿಯವನದು ಒಂದೊಂದು ಬಣ್ಣ. ಯಾರೋ ಮಾರಿದ್ದನ್ನು ಇನ್ಯಾರಿಗೋ ವಾಪಸ್ ತಂದು ಜಗಳ ತೆಗೆಯುವ ಗಿರಾಕಿಗಳಿಗಾಗಿ ಮಾಡಿಕೊಂಡ ಉಪಾಯ.

"ನನ್ನ ಗಾಡಿಗೆ ದೃಷ್ಟಿಬೊಟ್ಟು ಇಟ್ರಾ?" ಎಂದಳು ಪಟಾಲಮ್ಮ.

ಹಳೆಯ ಪ್ಲೇಟು ಕೈಯಲ್ಲೇ ಇತ್ತು. ಸೋಲಿಗೆ ಸೇಡು ತೀರಿಸಿಕೊಳ್ಳುವವನಂತೆ ಜಿಯಾವುಲ್ಲಾ ಅದರ ಸುಟ್ಟ ಮುಖ ತೋರಿಸಿದ. "ಓಡಿಸಿದೋರು ಯಾರು? ಕ್ಲಚ್ ಮೇಲಿಂದ ಕಾಲೇ ತೆಗ್ದಿಲ್ಲ ಪುಣ್ಯಾತ್ಮ."

"ಪುಣ್ಯಾತ್ಮ ಅಲ್ಲ, ನಾನೇ. ಆಗ ಕಾಲು ಎಟುಕ್ತಿರ್ಲಿಲ್ಲ. ನಮ್ಮಪ್ಪ ಪೆಡಲ್ಗೆ ಒಂದು ಮರದ ತುಂಡು ಕಟ್ಕೊಟ್ಟಿತ್ತು. ಎಲ್ಲಿ ಜಾರ್ತದೋ ಅಂತ ಒತ್ಕೊಂಡೇ ಕೂತಿರ್ತಿದ್ದೆ." ಟವೆಲು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಆ ತುಂಡು ಈಗ್ಲೂ ಅಲ್ಲೇ ಐತೆ."

ಆಮೇಲೆ ಆಕೆ ಬರುತ್ತಲೇ ಇದ್ದಳು. ಕಮ್ಮನಹಳ್ಳಿಯ ಒಂದು ಮೆಸ್ಸಿನಲ್ಲಿ ಮುದ್ದೆ ಕಟ್ಟುವ ಕೆಲಸ. ರಜೆ ಸಿಕ್ಕ ಸೋಮವಾರ ಇಲ್ಲಿಗೆ. ಒಂದು ಸಲ ವಾಟರ್ ಪಂಪು, ಒಂದು ಸಲ ನಾಝಲ್ಲು, ಇನ್ನೊಂದು ಸಲ ಬರೀ ಗ್ಯಾಸ್ಕೆಟ್ಟು. ಪ್ರತಿ ಸಲವೂ ಕೆಟ್ಟ ಹಳೆಯ ತುಂಡು ತರಬೇಕು, ಅಳತೆಗೆ. ಬುಷ್ರಾ ಅದರ ಫೋಟೋ ತೆಗೆದು ಕೋಲಾರ, ಹೊಸೂರು, ಎಲ್ಲೆಲ್ಲಿಯದೋ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಹೊಸ ಮಾಲು ಸಿಗದಿದ್ದರೆ ಗುಜರಿಯಿಂದ, ಗುಜರಿಯಲ್ಲೂ ಇಲ್ಲದಿದ್ದರೆ ಬೇರೆ ಮಾಡೆಲ್ಲಿನದನ್ನು ಲೇತಿಗೆ ಕೊಟ್ಟು ಸವರಿಸಿ. ಹೀಗೆ ಮೂರು ವರ್ಷದ ಹತ್ತಿರ, ಒಂದು ಇಡೀ ಟ್ರಾಕ್ಟರು ತುಂಡು ತುಂಡಾಗಿ ಜಿಯಾವುಲ್ಲಾನ ಗಲ್ಲಾದ ಮೇಲೆ ಹಾದು ಹೋಯಿತು. ಅವನು ಅದನ್ನು ಕಣ್ಣಿಂದ ಕಂಡಿರಲಿಲ್ಲ. ಆದರೆ ಅದರ ಹೊಟ್ಟೆಯೊಳಗೆ ಎಲ್ಲೆಲ್ಲಿ ತುಕ್ಕು, ಎಲ್ಲೆಲ್ಲಿ ತನ್ನ ಹಸಿರು ಬೊಟ್ಟು ಎಂಬುದನ್ನು ಕಣ್ಣು ಮುಚ್ಚಿದರೂ ಹೇಳಬಲ್ಲವನಾಗಿದ್ದ.

ಗಾಡಿಯ ಕಥೆಯೂ ಹಾಗೇ ಬಿಡಿ ಬಿಡಿಯಾಗಿ ಬಂತು. ಗೋಡೌನಿಂದ ಮಾಲು ಬರುವವರೆಗೆ ಚಹಾ ಕುಡಿಯುತ್ತಾ ಕೂರುವಾಗ ಇಷ್ಟಿಷ್ಟು.

ಕೆ.ಆರ್. ಪುರದಾಚೆಯ ಊರು. ಆಕೆಯ ಅಪ್ಪ ಮುನಿವೆಂಕಟಪ್ಪನಿಗೆ ಮೊದಲು ಒಂದು ಜೊತೆ ಎತ್ತು. ಒಂದು ಎತ್ತು ಹಟ್ಟಿಯಲ್ಲೇ ಸತ್ತಿತು. ಕಾಲಿಗೆ ಹಗ್ಗ ಕಟ್ಟಿ ಬಾಗಿಲಿಂದ ಆಚೆ ಎಳೆದುಕೊಂಡು ಹೋದರು. ಅಂಗಳದ ಮಣ್ಣಿನಲ್ಲಿ ಗೆರೆ ಬಿತ್ತು. ಮುನಿವೆಂಕಟಪ್ಪ ಆ ಗೆರೆಯನ್ನು ಗುಡಿಸಲು ಬಿಡದೆ, ಅದು ತಾನಾಗಿ ಅಳಿಸುವವರೆಗೆ ಪಕ್ಕದಲ್ಲಿ ನಡೆದಾಡಿದ. ಉಳಿದ ಎತ್ತು ಮಾರಿ, ಟ್ರಾಕ್ಟರ್ ತಂದು, ಪೂಜೆಯ ದಿನವೇ ಮನೆಯವರೆಲ್ಲರ ಮುಂದೆ ಹೇಳಿಬಿಟ್ಟ: ಈ ಬಾಗಿಲಿಂದ ಇನ್ನು ಯಾವುದನ್ನೂ ಎಳೆದುಕೊಂಡು ಹೋಗಬಾರದು. ಗಾಡಿ ನಡೆದುಕೊಂಡು ಬಂದಿದೆ, ನಡೆದುಕೊಂಡೇ ಹೋಗಬೇಕು.

ಅವನು ಸತ್ತ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ನಿಂತುಬಿಟ್ಟಿತು. ಹೊಲ ಲೇಔಟಾಯಿತು. ತಮ್ಮ ಅಂಜನಮೂರ್ತಿ ಅಕ್ಕನನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿದ. ಅರಿಶಿನ ಕುಂಕುಮ, ರೇಷ್ಮೆ ಸೀರೆ, ಹೋಟೆಲಿನಲ್ಲಿ ಊಟ. ಆ ಕಡೆಯ ಹೆಣ್ಣುಮಕ್ಕಳು ತವರಿನ ಬಾಗಿಲು ತೆರೆದಿರಲಿ ಎಂದು ಹಾಕುವ ಸಹಿ. ಊಟದ ಹೊತ್ತಿಗೆ ತಮ್ಮ ಕೇಳಿದ್ದ, "ಇನ್ನೇನಾದ್ರೂ ಬೇಕಾ ಅಕ್ಕ?" ಆಕೆ ಗಾಡಿ ಕೇಳಿದಳು. ಎಲ್ಲ ನಕ್ಕರು. "ಅದು ನಿಂದೇ ಕಣಕ್ಕ. ಯಾವತ್ತು ಓಡ್ತದೋ ಅವತ್ತು ಓಡಿಸ್ಕೊಂಡು ಹೋಗು" ಎಂದ.

"ಗಾಡಿ ಆರ್‌ಸಿ ಬುಕ್ಕು ನಿಮ್ಮ ಹೆಸರಿಗೆ ಮಾಡಿಸ್ಕೊಂಡ್ರಾ?" ಜಿಯಾವುಲ್ಲಾ ಕೇಳಿದ್ದ. ಸ್ವಂತ ತಮ್ಮನಿಗೂ ಬಿಲ್ಲಿಲ್ಲದೆ ಬೋಲ್ಟು ಕೊಡದ ಮನುಷ್ಯ.

"ಒಡಹುಟ್ಟಿದೋನ ಹತ್ರ ಬರೆಸ್ಕೊಳ್ಳೋದಾ? ಅವನೇನು ನಿಮ್ಮಂಗೆ ವ್ಯಾಪಾರಸ್ಥನಾ?"

ಗಾಡಿ ಓಡಿದ ಮೇಲೆ ಏನು ಮಾಡುತ್ತೀರಿ ಎಂದು ಬುಷ್ರಾ ಕೇಳಿದರೆ, "ಟ್ಯಾಂಕರ್ ಕಟ್ಕೊಂಡು ಅಪಾರ್ಟ್‌ಮೆಂಟ್‌ಗಳಿಗೆ ನೀರು ಹೊಡೀತೀನಿ ಕಣಮ್ಮ. ನಮ್ಮೂರ ಬೀದೀಲಿ ಒಂದು ಸುತ್ತು ಹಾಕ್ಕೊಂಡು ಆಮೇಲೆ" ಎನ್ನುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬೇರೆಯವರ ಒಲೆಯ ಮುಂದೆ ನಿಂತು ಸಾಕಾಗಿತ್ತು.

"ಸ್ಟಾರ್ಟ್ ಆದ ದಿನ ನೀವು ಬರ್ಲೇಬೇಕು ಸಾಬ್ರೆ."

"ಬಿರಿಯಾನಿ ಇದ್ರೆ ಬರ್ತೀನಿ."

"ಮುದ್ದೆ, ಅವರೆಕಾಳು ಸಾರು. ಬೇಕಾದ್ರೆ ಬನ್ನಿ, ಬ್ಯಾಡ್ದಿದ್ರೆ ಬಿಡಿ."

ಕೊನೆಗೆ ಉಳಿದದ್ದು ಸೆಲ್ಫ್. ಕೀಲಿ ತಿರುಗಿಸಿದಾಗ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರು. ಹಳೆಯದು ಒಳಗೆಲ್ಲ ಸುಟ್ಟಿತ್ತು, ಸುತ್ತುವವರು ಆಗುವುದಿಲ್ಲ ಎಂದು ಕೈಬಿಟ್ಟಿದ್ದರು. ಕೆ.ಆರ್. ಪುರದ ಮೆಕ್ಯಾನಿಕ್ ಸಿದ್ಧಾರ್ಥ್‌ನಿಗೆ ಸಹನೆ ಮುಗಿದಿತ್ತು. "ಸೆಲ್ಫ್ ಯಾಕಕ್ಕ? ಇನ್ನೊಂದು ಟ್ರಾಕ್ಟರ್‌ಗೆ ಹಗ್ಗ ಕಟ್ಟಿ ಹತ್ತು ಮಾರು ಎಳೆದ್ರೆ ತಾನೇ ಸ್ಟಾರ್ಟ್ ಆಗತ್ತೆ. ಹಳೇ ಗಾಡಿ, ಎಂಜಿನ್ ಮಾತ್ರ ಗಟ್ಟಿಯಾಗಿದೆ." ಆಕೆ ಒಪ್ಪಲಿಲ್ಲ. ಜಿಯಾವುಲ್ಲಾನೂ ಹೇಳಿ ನೋಡಿದ. "ಬಾಗಿಲು ದಾಟ್ಬೇಡಿ. ಅಂಗಳದೊಳಗೇ ಎಳೀರಿ. ನಿಮ್ಮಪ್ಪ ಅಂಗಳದ ವಿಷ್ಯ ಏನೂ ಹೇಳಿಲ್ವಲ್ಲ."

"ನೀವು ಬೆಲೇಲಿ ಸಂದು ಹುಡ್ಕಿ ಸಾಬ್ರೆ, ನಮ್ಮಪ್ಪನ ಮಾತಲ್ಲಿ ಹುಡುಕ್ಬೇಡಿ."

ಆ ಮಾಡೆಲ್ಲಿನ ಸೆಲ್ಫ್ ಸುಲಭಕ್ಕೆ ಸಿಗಲಿಲ್ಲ. ಸಿಕ್ಕ ಒಂದೆರಡಕ್ಕೆ ಕೇಳಿದ ಬೆಲೆಯಲ್ಲಿ ಪಟಾಲಮ್ಮ ಇನ್ನೊಂದು ಹಳೆಯ ಟ್ರಾಕ್ಟರನ್ನೇ ಕೊಳ್ಳಬಹುದಿತ್ತು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಅಷ್ಟರಲ್ಲಿ ಅಂಜನಮೂರ್ತಿ ಮನೆ, ಕೊಟ್ಟಿಗೆ, ಅಂಗಳವನ್ನೂ ಬಿಲ್ಡರಿಗೆ ಒಪ್ಪಿಸಿದ್ದ. ತಿಂಗಳ ಕೊನೆಗೆ ಜಾಗ ಖಾಲಿಯಾಗಬೇಕು, ಗಾಡಿ ಅಷ್ಟರೊಳಗೆ ಹೋಗಬೇಕು ಎಂದು ಅಕ್ಕನಿಗೆ ಫೋನು ಮಾಡಿದ. ಜಿಯಾವುಲ್ಲಾ ಅದನ್ನು ಕೇಳಿದ ಮೇಲೆ, ಗಿರಾಕಿಗೆ ತೋರಿಸಬಾರದಷ್ಟು ಅವಸರ ತನಗೇ ಹುಟ್ಟಿದ್ದನ್ನು ಕಂಡುಕೊಂಡ. ಬೇರೊಂದು ಕಂಪನಿಯ ಸೆಲ್ಫ್ ತಂದು, ಮೂತಿ ಬದಲಿಸಿ, ಹಲ್ಲು ಹೊಂದಿಸಲು ಲೇತಿನವನ ಬೆನ್ನು ಹತ್ತಿದ. ಇದರಲ್ಲಿ ಲಾಭ ಎಲ್ಲಿ ಹೋಯಿತೆಂದು ಮಗಳು ಕೇಳಿದಾಗ, ಮುಂದಿನ ಗಿರಾಕಿಯ ಹತ್ತಿರ ಇದೆ ಎಂದ.

"ಸೋಮವಾರ ಸೆಲ್ಫ್ ಕೈಗೆ ಬರ್ತದೆ, ಮಂಗಳವಾರ ಗಾಡಿ ಆಚೆ" ಎಂದು ಪಟಾಲಮ್ಮ ತಮ್ಮನಿಗೆ ಹೇಳಿದಳು. "ಆಯ್ತಕ್ಕ" ಎಂದ ಅವನು. ತಿಂಗಳ ಕೊನೆಗೆ ಇನ್ನೂ ಒಂದು ವಾರವಿತ್ತು.

ಸೋಮವಾರ ಬೆಳಿಗ್ಗೆ ಆಕೆ ಬಂದಾಗ ಜಿಯಾವುಲ್ಲಾ ಸೆಲ್ಫನ್ನು ಅಂಗಡಿಯ ನೆಲದ ಮೇಲಿಟ್ಟು, ಕಾಲಿನಿಂದ ಅದುಮಿ ಹಿಡಿದು, ಬ್ಯಾಟರಿಯ ವೈರು ಮುಟ್ಟಿಸಿದ. ಗಿರ್ರೆಂದು ಮೋಟಾರು ತಿರುಗಿತು. ಕಪಾಟಿನ ಗಾಜು ಅದುರಿತು. ಪಕ್ಕದ ಅಂಗಡಿಯವನು ಇಣುಕಿದ.

"ಇನ್ನೊಂದ್ ಸಲ" ಎಂದಳು.

ಇನ್ನೊಂದು ಸಲ ಮುಟ್ಟಿಸಿದ. ಆಕೆ ಚೌಕಾಸಿ ಮಾಡಲಿಲ್ಲ. ಅದೇ ಮೊದಲು. ಜಿಯಾವುಲ್ಲಾನಿಗೆ ಅದು ಸರಿಬರಲಿಲ್ಲ. ಕೇಳುವ ಮುನ್ನವೇ ಬೆಲೆ ತಾನೇ ಇಳಿಸಿ, ಕಾಸು ಎಣಿಸಿಕೊಂಡ. ಹಸಿರು ಬೊಟ್ಟಿಡಲು ಬ್ರಷ್ ಎತ್ತಿದಾಗ ಆಕೆಯ ಫೋನು ಬಂತು. ತಮ್ಮನ ಮಗಳು ರಮ್ಯಶ್ರೀ. ಕಿವಿಯಲ್ಲಿ ಹಿಡಿದಿದ್ದರೂ ಹುಡುಗಿಯ ಅಳು ಗಲ್ಲಾದವರೆಗೆ ಕೇಳಿಸಿತು.

"ಅತ್ತೆ, ಗುಜರಿಯೋರು ಬಂದವ್ರೆ. ಬೆಂಕಿ ಹಚ್ಚಿ ಕತ್ತರಿಸ್ತಾವ್ರೆ. ಅಪ್ಪ ನನ್ ಮಾತು ಕೇಳ್ತಿಲ್ಲ."

ಜಿಯಾವುಲ್ಲಾ ಬ್ರಷ್ ಕೆಳಗಿಟ್ಟ. ಅಂಗಡಿ ನೋಡಿಕೋ ಎಂದು ಮಗಳಿಗೆ ಕೈಸನ್ನೆ ಮಾಡಿ, ಸೆಲ್ಫನ್ನು ತಾನೇ ಎತ್ತಿಕೊಂಡು ಆಟೋ ನಿಲ್ಲಿಸಿದ. ಒಳಗೆ ಕೂತ ಮೇಲೆ ಆಕೆ ಅದನ್ನು ಕಸಿದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಲಸೂರು ದಾಟುವವರೆಗೆ ತಮ್ಮನಿಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಹಳೇ ಮದ್ರಾಸು ರಸ್ತೆಯಲ್ಲಿ ಎಂದಿನ ಹಾಗೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

"ಅಣ್ಣ, ಸ್ವಲ್ಪ ಬೇಗ" ಎಂದ ಜಿಯಾವುಲ್ಲಾ.

"ಹಾರ್ಲಾ ಸಾರ್? ಮುಂದೆ ನೋಡಿ" ಎಂದ ಆಟೋದವನು.

ತೂಗುಸೇತುವೆಯ ಹತ್ತಿರ ಒಂದು ನೀರಿನ ಟ್ಯಾಂಕರು, ಟ್ರಾಕ್ಟರಿಗೆ ಕಟ್ಟಿದ್ದು, ತುಳುಕುತ್ತಾ ಅವರ ಪಕ್ಕದಲ್ಲೇ ನಿಂತಿತು. ಪಟಾಲಮ್ಮ ಅದರ ಕಡೆ ನೋಡದೆ ಸೆಲ್ಫಿನ ಹಲ್ಲುಗಳ ಮೇಲೆ ಸೆರಗು ಮುಚ್ಚಿದಳು.

ಅಂಗಳದ ದೊಡ್ಡ ಬಾಗಿಲು ತೆರೆದಿತ್ತು. ಆಚೆ ಜೆಸಿಬಿ ಕಾಯುತ್ತಾ ನಿಂತಿತ್ತು. ಒಳಗೆ ಸುಟ್ಟ ಎಣ್ಣೆಯ, ಸುಟ್ಟ ಬಣ್ಣದ ವಾಸನೆ. ಮುಂದಿನ ಆಕ್ಸಲ್ಲು ಒಂದು ಕಡೆ, ಹಿಂದಿನ ದೊಡ್ಡ ಚಕ್ರಗಳು ಗೋಡೆಗೆ ಒರಗಿ ಒಂದು ಕಡೆ. ಎಂಜಿನ್ನನ್ನು ಸುತ್ತಿಗೆಯಿಂದ ಹೊಡೆದು ಒಡೆದಿದ್ದರು. ಬೀಡುಕಬ್ಬಿಣ ಕತ್ತರಿಸಲು ಹೋದರೆ ಗ್ಯಾಸ್ ದಂಡ ಎಂದು ಗುಜರಿಯವರು ಹಾಗೇ ಮಾಡುತ್ತಾರೆ, ಅದು ಜಿಯಾವುಲ್ಲಾನಿಗೆ ಗೊತ್ತಿದ್ದ ವಿಷಯ. ಇಬ್ಬರು ಆಳುಗಳು ತುಂಡುಗಳನ್ನು ಹೆಗಲ ಮೇಲೆ ಹೊತ್ತು ಬಾಗಿಲಾಚೆಯ ಟೆಂಪೋಗೆ ತುಂಬುತ್ತಿದ್ದರು. ಜಿಯಾವುಲ್ಲಾ ಆ ಟ್ರಾಕ್ಟರನ್ನು ಮೊದಲ ಸಲ ಕಂಡದ್ದು ಹೀಗೆ. ರಾಶಿಯಲ್ಲಿ ಅಲ್ಲಲ್ಲಿ ಗಿಳಿಹಸಿರು ಬೊಟ್ಟುಗಳು. ವಾಟರ್ ಪಂಪು. ಕ್ಲಚ್ ಪ್ಲೇಟು, ಒಂದು ಮಾರೂ ಓಡದೆ ಹೊಸದಾಗೇ ಇದ್ದದ್ದು.

ಅಂಜನಮೂರ್ತಿ ಓಡಿಬಂದ. ಬಿಳಿ ಷರ್ಟು, ಕೈಯಲ್ಲಿ ಫೋನು, ಬೆವರು. ಅವನ ಮುಖದಲ್ಲಿ ತಪ್ಪು ಮಾಡಿದವನ ಕಳೆಯಿರಲಿಲ್ಲ. ಅದಿದ್ದಿದ್ದರೆ ಬೈಯುವುದಕ್ಕಾದರೂ ಅನುಕೂಲವಾಗುತ್ತಿತ್ತು.

"ಅಕ್ಕ, ಬಿಲ್ಡ್ರು ಇವತ್ತೇ ಜೆಸಿಬಿ ಕಳಿಸ್ಬಿಟ್ಟ. ನಾನೇನ್ ಮಾಡ್ಲಿ? ಗಾಡಿಗೆ ಚೈನ್ ಹಾಕಿ ಎಳೆದು ರೋಡಲ್ಲಿ ನಿಲ್ಲಿಸ್ತೀನಿ ಅಂದ ಜೆಸಿಬಿಯೋನು. ನಾನು ಬಿಡ್ಲಿಲ್ಲ. ಅಡ್ಡ ನಿಂತ್ಕೊಂಡೆ. ನಮ್ಮಪ್ಪನ ಮಾತು, ಎಳೀಬಾರ್ದು ಅಂದೆ. ಎಳೀಲಿಲ್ಲ ಅಕ್ಕ. ಕತ್ತರಿಸಿ ಹೊತ್ಕೊಂಡು ಹೋಗಿ ಅಂದೆ. ನೋಡು, ಹೊತ್ಕೊಂಡೇ ಹೋಗ್ತಾವ್ರೆ."

ಪಟಾಲಮ್ಮ ತಮ್ಮನ ಮುಖವನ್ನೇ ನೋಡಿದಳು.

"ನಂಗೊಂದು ಫೋನ್ ಮಾಡ್ಬಾರ್ದಿತ್ತಾ ಅಂಜಿ?"

"ಮಾಡಿದ್ರೆ ನೀನು ಎಳ್ಕೊಂಡು ಆಚೆ ನಿಲ್ಸು ಅಂತಿದ್ದೆ. ಆಮೇಲೆ ಅಪ್ಪನ ಮಾತು ತಪ್ಪಿಸ್ದೆ ಅಂತ ಜೀವ್ನ ಪೂರ್ತಿ ಅಳ್ತಿದ್ದೆ. ನಿಂಗೆ ಬೇಡ ಆ ಪಾಪ ಅಂತ. ಗುಜರಿ ದುಡ್ಡೆಲ್ಲ ನಿಂದೇ ಅಕ್ಕ, ಒಂದು ರೂಪಾಯಿ ಮುಟ್ಟಲ್ಲ ನಾನು."

ಜಿಯಾವುಲ್ಲಾ ಬದುಕಿನಲ್ಲಿ ಬಹಳ ಜನ ಮಾತು ತಪ್ಪಿದವರನ್ನು ನೋಡಿದ್ದ. ಅವರ ಜೊತೆ ವ್ಯವಹಾರ ಮಾಡುವುದು ಹೇಗೆಂದು ಗೊತ್ತಿತ್ತು. ಮಾತು ಉಳಿಸಿಕೊಂಡವನ ಜೊತೆ ಏನು ಮಾತಾಡಬೇಕೋ ತಿಳಿಯಲಿಲ್ಲ.

ಪಟಾಲಮ್ಮ ರಾಶಿಯ ಸುತ್ತ ನಡೆದಳು. ಒಂದೊಂದು ಹಸಿರು ಬೊಟ್ಟಿನ ಹತ್ತಿರವೂ ನಿಂತು, ಬಗ್ಗಿ ನೋಡಿ, ಮುಂದಕ್ಕೆ ಹೋದಳು. ಆಕೆಗಿಂತ ಮೊದಲು ಜಿಯಾವುಲ್ಲಾನ ಕಣ್ಣಿಗೆ ಕ್ಲಚ್ ಪೆಡಲ್ಲು ಬಿತ್ತು. ಅದಕ್ಕೆ ತಂತಿಯಿಂದ ಬಿಗಿದಿದ್ದ ಮರದ ತುಂಡು, ಗ್ಯಾಸಿನ ಬೆಂಕಿಗೆ ಅರ್ಧ ಇದ್ದಿಲಾಗಿ, ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು. ಅವನು ಏನೂ ಆಗದವನಂತೆ ಒಂದು ಹೆಜ್ಜೆ ಸರಿದು ಅದಕ್ಕೆ ಅಡ್ಡ ನಿಂತ.

"ಸರೀರಿ ಸಾಬ್ರೆ" ಎಂದಳು ಪಟಾಲಮ್ಮ. "ನೋಡ್ದೆ ನಾನು."

ಅವನು ಸರಿದ. ಆಕೆ ತೊಟ್ಟಿಯಿಂದ ಬೊಗಸೆಯಲ್ಲಿ ನೀರು ತಂದು, ಕುಕ್ಕರಗಾಲಲ್ಲಿ ಕೂತು, ಆ ತುಂಡಿನ ಮೇಲೆ ಹಾಕಿದಳು. ಚುಯ್ ಎಂದಿತು. ಅಷ್ಟೇ. ತೆಗೆದುಕೊಳ್ಳಲಿಲ್ಲ. ಆಳು ಬಂದು, "ಎತ್ಲಾಮ್ಮ?" ಎಂದು ಕೇಳಿದ. "ಎತ್ತಪ್ಪ" ಎಂದಳು. ರಮ್ಯಶ್ರೀ ಅತ್ತೆಯ ಬೆನ್ನಿಗೆ ಮುಖವಿಟ್ಟು ಅಳುತ್ತಿದ್ದಳು. ಸಮಾಧಾನ ಹೇಳಿದ್ದು ಅತ್ತೆಯೇ.

ಹೊರಗೆ ಬಂದಾಗ ಸಿದ್ಧಾರ್ಥ್ ಸೆಲ್ಫ್ ಕೂರಿಸಲೆಂದು ಸ್ಕೂಟರಿನ ಮುಂದೆ ಬ್ಯಾಟರಿ ಇಟ್ಟುಕೊಂಡು ಬರುತ್ತಿದ್ದ. ಹೂವಿನ ಹಾರವೂ ತಂದಿದ್ದ. ಟೆಂಪೋ ನೋಡಿ, ಸ್ಕೂಟರು ನಿಲ್ಲಿಸಿ, ಹಾರವನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ನಿಂತ.

ಪಟಾಲಮ್ಮ ಕಾಯುತ್ತಿದ್ದ ಆಟೋದ ಸೀಟಿನ ಮೇಲಿದ್ದ ಸೆಲ್ಫನ್ನು ಎತ್ತಿ ಜಿಯಾವುಲ್ಲಾನ ಕೈಗಿಟ್ಟಳು.

"ಎಲೆಕ್ಟ್ರಿಕ್ ಮಾಲು ವಾಪಸ್ ತಗೊಳ್ಳಲ್ಲ ಅಂತ ಬೋರ್ಡ್ ಹಾಕಿದೀರಿ. ಗೊತ್ತು. ಕಾಸು ಬ್ಯಾಡ. ಇಟ್ಕೊಳ್ಳಿ."

"ಪಟಾಲಮ್ನೋರೆ, ಕಾಸು ತಗೊಳ್ಳಿ. ನಾನು ಇನ್ಯಾರಿಗಾದ್ರೂ..."

"ಮಾಲಲ್ಲಿ ದೋಷ ಇಲ್ಲ ಸಾಬ್ರೆ. ಮಾಲು ಚೆನ್ನಾಗಿತ್ತು. ಚೆನ್ನಾಗಿರೋ ಮಾಲಿಗೆ ಕಾಸು ವಾಪಸ್ ಕೇಳಿದ್ರೆ ನಾನೆಂಥ ಗಿರಾಕಿ?"

ಅಂದಿನಿಂದ ಆಕೆ ಅಂಗಡಿಗೆ ಬರಲಿಲ್ಲ. ಬರುವ ಕೆಲಸವೂ ಇರಲಿಲ್ಲ. ಸೋಮವಾರಗಳಲ್ಲಿ ಬುಷ್ರಾ ಒಂದು ಚಹಾ ಹೆಚ್ಚಿಗೆ ಹೇಳಿ, ಆಮೇಲೆ ತಾನೇ ಕುಡಿಯುತ್ತಿದ್ದಳು.

ಎರಡು ತಿಂಗಳು ತಡೆದು, ಒಂದು ಮಧ್ಯಾಹ್ನ ಜಿಯಾವುಲ್ಲಾ ಕಮ್ಮನಹಳ್ಳಿಯ ಮೆಸ್ಸು ಹುಡುಕಿಕೊಂಡು ಹೋದ. ಬಾಳೆ ಎಲೆಯ ಮುಂದೆ ಕೂತ. ಪಟಾಲಮ್ಮನೇ ಒಳಗಿಂದ ಬಂದು ಮುದ್ದೆ ಇಟ್ಟಳು, ಹಬೆಯಾಡುವುದು. ಮುಂಗೈ ಮೇಲೆ ಹೊಸದೊಂದು ಸುಟ್ಟ ಕಲೆ.

"ಕಂಪನಿ ಮಾಲಾ, ಲೋಕಲ್ಲಾ?" ಕೇಳಿದ.

"ಲೋಕಲ್ಲೇ ಸಾಬ್ರೆ. ಪಂಜಾಬಿಂದ ಬಂದೈತೆ." ಅವರೆಕಾಳು ಸಾರು ಹಾಕಿದಳು. ನಗು ತುಟಿಯವರೆಗೆ ಬಂದು ಅಲ್ಲೇ ನಿಂತಿತು. "ಸ್ಟಾರ್ಟ್ ಆದ ದಿನ ಹಾಕ್ತೀನಿ ಅಂದಿದ್ದೆ. ಆಗ್ಲಿಲ್ಲ. ಆದ್ರೂ ಉಣ್ಣಿ."

ಸೆಲ್ಫನ್ನು ಮನೆಗೆ ತಂದುಕೊಡಲಾ ಎಂದು ಕೇಳಿದ. ಆಕೆ ಸಾರಿನ ಪಾತ್ರೆಯಲ್ಲಿ ಸೌಟು ತಿರುವುತ್ತಾ ನಿಂತಳು.

"ಬ್ಯಾಡ. ಮನೇಲಿದ್ರೆ ದಿನಾ ಕಾಣಿಸ್ತದೆ. ನಿಮ್ಮಲ್ಲೇ ಇರ್ಲಿ. ಮಾರ್ಬೇಡಿ, ಅಷ್ಟೇ."

ಅಂಗಡಿಯ ಅಟ್ಟದ ಮೇಲೆ, ಗ್ಯಾಸ್ಕೆಟ್ಟುಗಳ ಕಟ್ಟಿನ ಹಿಂದೆ ಒಂದು ಸೆಲ್ಫ್ ಇದೆ. ಅದರ ಮೇಲೆ ಹಸಿರು ಬೊಟ್ಟಿಲ್ಲ. ಇಡಲು ಆ ದಿನ ಸಮಯ ಸಿಗಲಿಲ್ಲ, ಆಮೇಲೆ ಜಿಯಾವುಲ್ಲಾ ಇಡಲೂ ಇಲ್ಲ. ಕಳೆದ ವಾರ ಮಾಲೂರಿನ ಕಡೆಯ ಒಬ್ಬ ರೈತ ಅದೇ ಮಾಡೆಲ್ಲಿನ ಗಾಡಿಗೆ ಸೆಲ್ಫ್ ಕೇಳಿಕೊಂಡು ಬಂದಿದ್ದ. ಚಪ್ಪಲಿ ತುಂಬ ಕೆಮ್ಮಣ್ಣು, ಎಷ್ಟಾದರೂ ಕೊಡುವ ಅವಸರ. ಜಿಯಾವುಲ್ಲಾ ಇಲ್ಲ ಎಂದ. ಕಂಪನಿಯವರೇ ಮರೆತ ಮಾಡೆಲ್ಲು ಎಂದ.

ಆ ಸೆಲ್ಫ್ ಪಟಾಲಮ್ಮನದು. ಆಕೆ ಕೇಳಿದ ದಿನ ಜಿಯಾವುಲ್ಲಾ ಅದನ್ನು ಕೊಡಬೇಕು.